ಒಂದು ಕಣ್ಣಿಗೆ ಬೆಣ್ಣೆ

ತೂಕದ ಯಂತ್ರದ ಮುಳ್ಳು ನಡುಗುತ್ತಿತ್ತು. ಅದಕ್ಕಿಂತ ಹೆಚ್ಚು ನಡುಗುತ್ತಿದ್ದವಳು ಅದರ ಮೇಲೆ ನಿಂತಿದ್ದ ಅಖ್ತರಿ!

ಲಕ್ಷ್ಮೇಶ್ವರದ ಅಂದಪ್ಪ ಡಾಕ್ಟರ ದವಾಖಾನೆಯಲ್ಲಿ ಅಂದು ಸಂತೆಯ ದಿನದ ಗದ್ದಲ. ಬಾಕಿನ ಮೇಲೆ ಹದಿನೈದು ಜನ. ಹದಿನೈದೂ ಜನರ ಕಣ್ಣು ಆ ಮುಳ್ಳಿನ ಮೇಲೆ. ಹಳೆಯ ಕಂಪೌಂಡರು ತೂಕ ನೋಡಿದರೆಂದರೆ ಹರಾಜು ಕೂಗಿದಂತೆ ಬಜಾರಕ್ಕೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅಖ್ತರಿ ಕಣ್ಣು ಮುಚ್ಚಿಕೊಂಡಳು.

'ಯಾ ಅಲ್ಲಾ... ಈ ನೆಲ ಈಗಲೇ ಬಾಯಿ ಬಿಡಬಾರದೇ!'

ಕೂಗು ಬರಲೇ ಇಲ್ಲ.

ಕಣ್ಣು ತೆರೆದರೆ ಎದುರಿಗೆ ಹೊಸ ಕಂಪೌಂಡರ್. ಎತ್ತರದ ಮೈ, ಇಸ್ತ್ರಿ ಇಲ್ಲದ ಬಿಳಿ ಅಂಗಿ, ಔಷಧಿಯ ಕೆಂಪು ನೀರಿನ ಕಲೆ ಹತ್ತಿದ ಬೆರಳು. ಅವನು ಚೀಟಿಯೊಂದರ ಮೇಲೆ ಅಂಕಿ ಬರೆದು, ನಾಲ್ಕು ಮಡಿಕೆ ಮಡಚಿ ಅವಳತ್ತ ಚಾಚಿದ.

"ಇದು ನಿಮಗ, ಡಾಕ್ಟರಿಗೆ ಅಷ್ಟ ಗೊತ್ತಿದ್ರ ಸಾಕ್ರಿ, ಬಾಯಾರ. ಮಂದಿಗ್ಯಾಕ ಬೇಕು?"

ಬಾಕಿನ ಮೇಲಿದ್ದ ಮುದುಕನೊಬ್ಬ ಗೊಣಗಿದ. "ಎಷ್ಟ ಆತೋ ಮಾಶಾಕಾ? ಜೋರಾಗಿ ಹೇಳೋ!"

"ನಿಮ್ಮ ಪಾಳಿ ಬಂದಾಗ ನಿಮ್ಮದನ್ನ ಕೂಗ್ತೀನಿ ತಗೋರಿ, ಕಾಕಾ."

ಎಲ್ಲರೂ ನಕ್ಕರು. ಅಖ್ತರಿ ಮಾತ್ರ ನಗಲಿಲ್ಲ. ಆ ಮಡಚಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು... ಎಪ್ಪತ್ತೆಂಟು ಕಿಲೋ ಭಾರದ ಆ ದೇಹದೊಳಗೆ ಮನಸ್ಸೊಂದು ಹತ್ತಿಯಂತೆ ಹಗುರವಾಗಿದ್ದು ಅಂದೇ ಮೊದಲು!

ಅದು ಎಪ್ಪತ್ತೆಂಟನೇ ಇಸವಿ. ರಂಜಾನ್ ಮುಗಿದಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುವ ಅಕ್ಬರಸಾಬರ ಒಬ್ಬಳೇ ಮಗಳು ಅಖ್ತರಿ, ಗದಗಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಮುಂಡರಗಿಯ ಒಂದು ಮನೆಯವರು ಬಂದು ನೋಡಿ ಹೋಗಿದ್ದರು. ಹುಡುಗನ ತಾಯಿ ಹೊಸ್ತಿಲು ದಾಟುವಾಗ ಹೇಳಿದ ಮಾತು ಅವಳ ಕಿವಿಯಲ್ಲಿ ಇನ್ನೂ ಕುದಿಯುತ್ತಿತ್ತು.

"ಹುಡುಗಿ ಓದ್ಯಾಳ, ಬಣ್ಣ ಐತಿ. ಮೈ ಒಂಚೂರು ಕರಗಲಿ. ಮೊಹರಂ ತಿಂಗಳು ಮುಗದ ಮ್ಯಾಲೆ ಮತ್ತ ಬಂದು ನೋಡ್ತೀವಿ."

ಅದಕ್ಕೇ ಈ ದವಾಖಾನೆ.

ಅಂದಪ್ಪ ಡಾಕ್ಟರು ಹೊಸದೊಂದು ಪಥ್ಯ ಹೇಳಿದರು. ಮೂರು ತಿಂಗಳು ರೊಟ್ಟಿ ಇಲ್ಲ, ಅನ್ನ ಇಲ್ಲ, ಬೆಲ್ಲ ಸಕ್ಕರೆ ಮುಟ್ಟುವಂತಿಲ್ಲ. ತತ್ತಿ, ಮಾಂಸ, ಮೆಂತ್ಯ, ಪುಂಡಿಪಲ್ಯ, ಸವತಿಕಾಯಿ ತಿನ್ನಬೇಕು. ಜೊತೆಗೆ ಬೆಣ್ಣೆ ತುಪ್ಪ!

"ತುಪ್ಪ ತಿಂದು ಸೊರಗೋದಾ?" ಅವಳ ತಾಯಿ ಫಕೀರಬಿ ಗಲ್ಲಕ್ಕೆ ಕೈ ಹಚ್ಚಿದರು. "ಡಾಕ್ಟರಿಗೆ ತಲಿ ನೆಟ್ಟಗೈತೇನ್ರಿ?"

"ಕಾಳು-ಕಡಿ, ಬೆಲ್ಲ ಬಿಟ್ಟರ ಮೈಯಾಗಿನ ಕೊಬ್ಬ ಉರುವಲ ಆಗ್ತತಿ, ಅವ್ವಾರ," ಎಂದ ಮಾಶಾಕ, ಬಾಟಲಿಗೆ ಗುಟುಕಿನ ಅಳತೆಯ ಕಾಗದ ಅಂಟಿಸುತ್ತ. "ಪ್ರತಿ ಸಂತಿ ದಿನ ತೂಕಕ್ಕ ಕಳಸ್ರಿ."

ಪ್ರತಿ ಸಂತೆಯ ದಿನ! ರೊಟ್ಟಿ ಬಿಟ್ಟ ಸಂಕಟವೆಲ್ಲ ಆ ಒಂದು ಮಾತಿನಲ್ಲಿ ಮರೆತುಹೋಯಿತು.

ವಿಚಿತ್ರ ನೋಡಿ... ಅವಳು ಕರಗಬೇಕಾಗಿದ್ದು ಮುಂಡರಗಿಯವರಿಗಾಗಿ. ಆದರೆ ಅವಳು ಕಾಯುತ್ತಿದ್ದದ್ದು ಚೀಟಿ ಮಡಚುವ ಆ ಬೆರಳುಗಳಿಗಾಗಿ.

ಮೊದಲ ತಿಂಗಳು ನಾಲ್ಕು ಕಿಲೋ ಇಳಿಯಿತು. ಚೀಟಿಯಲ್ಲಿ ಅಂಕಿಯ ಕೆಳಗೆ "ಶಾಬಾಸ್" ಎಂದು ಬರೆದಿದ್ದ. ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡ ಅಕ್ಷರ ದೊಡ್ಡವನಾದ ಮೇಲೆ ರೂಢಿಸಿಕೊಂಡವನು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಆ ಚೀಟಿಯನ್ನು ಅವಳು ಟ್ರಂಕಿನ ತಳದಲ್ಲಿ ಬಚ್ಚಿಟ್ಟಳು.

ಎರಡನೇ ತಿಂಗಳು ಮುಳ್ಳು ನಿಂತಲ್ಲೇ ನಿಂತಿತು.

ತಪ್ಪು ಯಾರದೆನ್ನುವುದು? ತುಪ್ಪವೇ ಔಷಧಿ ಎಂದು ಫಕೀರಬಿ ನಂಬಿಬಿಟ್ಟಿದ್ದರು. ಔಷಧಿ ಹೆಚ್ಚಾದರೆ ಗುಣವೂ ಹೆಚ್ಚಲ್ಲವೇ! ತತ್ತಿಗೆ ತುಪ್ಪ, ಪಲ್ಯಕ್ಕೆ ತುಪ್ಪ, ಸಾಲದ್ದಕ್ಕೆ ಮುಂಜಾನೆ ಬರಿಬಾಯಿಗೆ ನಿಂಬೆಗಾತ್ರದ ಬೆಣ್ಣೆ.

ಆ ಬೆಣ್ಣೆ ತರುತ್ತಿದ್ದವಳು ಬಾಳೆಹೊಸೂರಿನ ಮಾಳವ್ವ. ಬುಟ್ಟಿ ಇಳಿಸಿದಳೆಂದರೆ ಬೆಣ್ಣೆಗಿಂತ ಮೊದಲು ಸುದ್ದಿ ಇಳಿಸುವವಳು.

"ಏನವ್ವಾ ಅಖ್ತರಿ, ನಿಮ್ಮ ಕಂಪೌಂಡರ್ ಸಾಬರು ನಿಮಗಿಂತ ದೊಡ್ಡ ಗಿರಾಕಿ ನೋಡು ನನಗ. ವಾರಕ್ಕ ಒಂದ ಸೇರು ಬೆಣ್ಣಿ!"

ಅಖ್ತರಿಯ ಎದೆ ಅರಳಿತು. "ಅವರಿಗೇನು ಬೆಣ್ಣಿ ಅಂದ್ರ ಅಷ್ಟು ಪ್ರೀತಿ?"

"ಅಂವ ಎಲ್ಲಿ ತಿಂತಾನ? ಶಿರಹಟ್ಟಿಯಿಂದ ಬಂದಾರಲ್ಲ, ರಸೂಲಬಿ ಅಂತ... ಅವರ ಮಗಳಿಗೆ. ಅಮೀನಬಿಗೆ. ತಾನ ಕೈಯಾರ ವಯ್ದು ಕೊಡ್ತಾನ. ಆ ಹುಡುಗಿ ಹೆಂಗದಾಳ ಅಂತಿ! ಉಫ್ ಅಂದ್ರ ಹಾರಿ ಹೋಗ್ತಾಳ."

ಮಾಳವ್ವ ಎದ್ದು ಹೋದಳು. ಅವಳ ಮಾತು ಎದ್ದು ಹೋಗಲಿಲ್ಲ.

ಮರುದಿನವೇ ಅಖ್ತರಿ ಇಲ್ಲದ ನೆಪ ತೆಗೆದು ಆ ಓಣಿಗೆ ಹೋದಳು. ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು ಅಮೀನಬಿ. ಬಡಕಲು ಮೈ, ದೊಡ್ಡ ಕಣ್ಣು, ತಲೆಯ ಮೇಲಿನ ಸೆರಗಿಗೇ ಭಾರ ಎನಿಸುವಂಥ ಸಣ್ಣ ಹೆಗಲು. ಅಷ್ಟರಲ್ಲಿ ಮಾಶಾಕ ಬಂದ. ಕೈಯಲ್ಲಿ ಎಲೆ ಮುಚ್ಚಿದ ಬೋಗುಣಿ. ಅಮೀನಬಿ ಮುಖ ಕಿವಿಚಿ ಏನೋ ಅಂದಳು. ಅವನು ನಗುತ್ತ ಅವಳ ತಲೆಗೆ ಮೊಟಕಿದ.

ತಲೆಗೆ ಮೊಟಕಿದ! ತನಗೆ ಚೀಟಿ ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ತುದಿ ಹಿಡಿದು ಚಾಚುವವನು...

'ಓ... ಅದಕ್ಕೇ ಏನು? ನನಗೆ ಬರೀ ಶಾಬಾಸ್. ಅವಳಿಗೆ ಬೋಗುಣಿ ತುಂಬ ಬೆಣ್ಣೆ!'

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಕನ್ನಡಿಯೆದುರು ನಿಂತು ತನ್ನ ಕುತ್ತಿಗೆಯ ಮೂಳೆ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ. ಬಾಯಿಗಿಟ್ಟ ಬೆಣ್ಣೆ ಕಹಿಯಾಗುತ್ತಿತ್ತು. ಅದೇ ಮಾಳವ್ವನ ಅದೇ ಬುಟ್ಟಿಯ ಬೆಣ್ಣೆ, ಅರ್ಧ ತನಗೆ, ಅರ್ಧ ಅವಳಿಗೆ! ಹೊಟ್ಟೆಯೊಳಗೆ ಅಷ್ಟು ದೊಡ್ಡ ಕಿಚ್ಚು ಹೊತ್ತಿಕೊಂಡಿದ್ದರೂ ಕೊಬ್ಬು ಮಾತ್ರ ಗುಂಜಿಯಷ್ಟೂ ಕರಗಲಿಲ್ಲ.

ಮುಂದಿನ ಸಂತೆಯ ದಿನ ಮುಳ್ಳು ಒಂದು ಕಿಲೋ ಮೇಲಕ್ಕೇ ಹೋಯಿತು!

ಮಾಶಾಕ ಹುಬ್ಬು ಗಂಟಿಕ್ಕಿದ. "ಬಾಯಾರ, ದಿನಕ್ಕ ಎಷ್ಟು ತುಪ್ಪ ತಗೋತೀರಿ?"

"ಯಾಕ್ರಿ? ಅದಕ್ಕೂ ಅಳತಿ ಐತೇನು?"

"ಐತ್ರಿ. ಎರಡು ಚಮಚ. ಬಾಳಂದ್ರ ಮೂರು."

ಅವಳ ನಾಲಿಗೆ ತಡೆಯಲಿಲ್ಲ. ನಾಲ್ಕು ಜನರೆದುರು ದನಿ ಎತ್ತದ ಅಖ್ತರಿ, ಅಂದು ಬಾಕಿನ ತುಂಬ ಕೂತ ಜನರೆದುರು ಅಂದೇಬಿಟ್ಟಳು.

"ನನಗ ಎರಡು ಚಮಚ... ಮಂದಿಗೆ ಸೇರುಗಟ್ಟಲೆ! ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಅದು ಇದ ಇರಬೇಕು!"

ಮಾಶಾಕನ ಮುಖ ಬಿಳುಚಿಕೊಂಡಿತು. ಬಾಯಿ ತೆರೆದ... ಬಾಕಿನ ಕಡೆ ನೋಡಿದ... ಮುಚ್ಚಿದ. ಸರ್ರನೆ ಚೀಟಿಯೊಂದನ್ನು ಬರೆದು, ಮಡಚಿ ಕೈಗಿಟ್ಟ. 

ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಬಿಡಿಸಿ ಓದಿದಳು.

"ಜಿದ್ದು ಕಡಿಮೆ ಮಾಡಿರಿ. ನಿಮ್ಮೊಳಗೆ ಈಗಾಗಲೇ ಬೇಕಾದಷ್ಟು ಇದೆ. ಮೊದಲು ಅದು ಕರಗಲಿ. ಮೇಲಿಂದ ಮತ್ತಷ್ಟು ಸುರಿಯಬೇಡಿರಿ."

ಜಿದ್ದು!

'ಅಂದರೆ ನನ್ನ ಹೊಟ್ಟೆಕಿಚ್ಚು ಅವನಿಗೆ ಗೊತ್ತಾಗಿದೆ... ಗೊತ್ತಾಗಿ, ಅವಳ ಪರ ವಹಿಸಿ, ನನಗೇ ಬುದ್ಧಿ ಹೇಳುತ್ತಿದ್ದಾನೆ!'

ಅತ್ತಳು. ಅತ್ತು ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು. ಕಡಿಮೆ ಮಾಡಬೇಕೇ ಜಿದ್ದನ್ನು? ಆಗಲಿ... ನೋಡೋಣ!

ಮೊಹರಂ ಬಂತು. ಚೊಂಗೆ ಮಾಡಲು ಓಣಿಯ ಹೆಂಗಸರೆಲ್ಲ ಅಕ್ಬರಸಾಬರ ಅಂಗಳದಲ್ಲಿ ಸೇರಿದರು. ಗೋಧಿಹಿಟ್ಟು ನಾದಿ, ಚಿತ್ತಾರ ಕೊರೆದ ಮಣೆಯ ಮೇಲೆ ಒತ್ತಿ, ಬೇಯಿಸಿ, ಮೇಲೆ ಬೆಲ್ಲ, ಪುಟಾಣಿ ಹಿಟ್ಟು ಸುರಿದರೆ ಚೊಂಗೆ. ಮಧ್ಯಾಹ್ನದ ಬಿಸಿಲಿಗೆ ಬೆಲ್ಲದ ಘಮ ಓಣಿಯ ತುದಿಗೂ ಹೋಗಿತ್ತು.

ರಸೂಲಬಿಯ ಜೊತೆ ಅಮೀನಬಿಯೂ ಬಂದಿದ್ದಳು. ಮಣೆಯ ಮೇಲೆ ಚೊಂಗೆ ಒತ್ತುತ್ತಿದ್ದಳು. ಅದೂ ಎಷ್ಟು ನಾಜೂಕಾಗಿ! ಹೆಂಗಸರೆಲ್ಲ ಹೊಗಳುವವರೇ.

"ಎಂಥಾ ಕೈ ಬೇ ಇಕೀದು! ಯಾರ ಮನಿಗೆ ಹೋಗ್ತಾಳೋ, ಪುಣ್ಯಾ ಮಾಡ್ಯಾರ."

ಅಖ್ತರಿಯ ಕೈಯಲ್ಲಿದ್ದ ಚೊಂಗೆ ಮುರಿಯಿತು.

ಎಲ್ಲರೂ ತಿಂದರು. ಪಥ್ಯದ ಅಖ್ತರಿ ತಿನ್ನಲಿಲ್ಲ. ಅಮೀನಬಿಯೂ ತಿನ್ನಲಿಲ್ಲ. ಅದನ್ನು ಕಂಡದ್ದೇ ಅಖ್ತರಿಗೆ ಮೈ ಉರಿಯಿತು. 'ಇಷ್ಟು ತೆಳ್ಳಗಿದ್ದವಳಿಗೂ ಇನ್ನಷ್ಟು ತೆಳ್ಳಗಾಗುವ ಆಸೆಯೇ? ತಿನ್ನಲಿ... ಉಬ್ಬಲಿ... ನನ್ನ ಹಾಗೇ ಆಗಲಿ!'

"ಯಾಕ ಅಮೀನಾ, ನೀ ಯಾಕ ಒಲ್ಲಿ?" ತಟ್ಟೆ ಹಿಡಿದು ಮುಂದೆ ಕೂತಳು. ದನಿಯಲ್ಲಿ ಬೆಲ್ಲಕ್ಕಿಂತ ಸಿಹಿ.

"ಬ್ಯಾಡ ಆಪಾ... ನನಗ ಆಗಂಗಿಲ್ಲ."

"ಹಜರತರ ಹೆಸರಿಂದು. ಅದಕ್ಕೂ ಒಲ್ಲೆ ಅಂತೀಯೇನು? ಹತ್ತು ಮಂದಿ ನೋಡಾಕತ್ತಾರ ನೋಡು."

ಅಮೀನಬಿ ತಾಯಿಯನ್ನು ಹುಡುಕಿದಳು. ರಸೂಲಬಿ ಬಾವಿಕಟ್ಟೆಯ ಹತ್ತಿರ ಇದ್ದರು. ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ನಾಚಿಕೆಗೋ ಹೆದರಿಕೆಗೋ ಒಂದು ಚೂರು ಬಾಯಿಗಿಟ್ಟಳು. ಮರುಕ್ಷಣ ಅವಳ ಕಣ್ಣು ಅಗಲವಾಯಿತು. ಒಂದು ಮುಗಿಸಿದಳು. ಅಖ್ತರಿ ಎರಡನೆಯದು ಕೊಟ್ಟಳು. ಮೂರನೆಯದು ಕೊಟ್ಟಳು.

ಬಿಸಿಲು ಗೋಡೆ ಏರುವ ಹೊತ್ತಿಗೆ, ಮಣೆ ತೊಳೆಯುತ್ತಿದ್ದ ಅಮೀನಬಿ ಕೂತಲ್ಲೇ ಬಿಗಿದುಕೊಂಡಳು. ಕಣ್ಣು ಮೇಲಕ್ಕೆ ಹೋಯಿತು. ಧಪ್ಪನೆ ಬಿದ್ದಳು. ಕೈಕಾಲು ಅದುರತೊಡಗಿದವು... ಬಾಯಲ್ಲಿ ನೊರೆ!

"ಗಾಳಿ ಬಡೀತು!"

"ಚಪ್ಪಲಿ ಮೂಸಸ್ರಿ!"

"ಕಬ್ಬಿಣ ತರ್ರಿ, ಕೈಯಾಗ ಹಿಡಸ್ರಿ!"

ಯಾರೋ ದವಾಖಾನೆಗೆ ಓಡಿದ್ದರು. ಮಾಶಾಕ ಓಡಿ ಬಂದವನೇ ಹೆಂಗಸರನ್ನು ಸರಿಸಿ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿದ. "ಯಾರೂ ಬಾಯಾಗ ಏನೂ ತುರಕಬ್ಯಾಡ್ರಿ. ದೂರ ಸರೀರಿ, ಗಾಳಿ ಬರಲಿ." ತನ್ನ ಅಂಗಿ ಬಿಚ್ಚಿ ಮಡಚಿ ಅವಳ ತಲೆಯ ಕೆಳಗಿಟ್ಟ. ಕೈಗಡಿಯಾರ ನೋಡುತ್ತ ಕೂತ.

ಎರಡು ನಿಮಿಷ... ಅಖ್ತರಿಗೆ ಎರಡು ವರ್ಷ.

ಅದುರುವುದು ನಿಂತಿತು. ಉಸಿರು ಸಮವಾಯಿತು. ಆಗ ಅವನು ತಲೆಯೆತ್ತಿದ.

"ಏನ ತಿಂದಳು?"

ಅಖ್ತರಿ ಸುಮ್ಮನಿದ್ದಿದ್ದರೆ ಅವಳ ಮನಸ್ಸಿನಲ್ಲಿದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಚೊಂಗಿ... ಮೂರು," ಎಂದಳು. "ಅಕಿ ಒಲ್ಲೆ ಅಂದಿದ್ಲು. ನಾನ ತಿನಿಸಿದೆ. ಬೇಕಂತ ತಿನಿಸಿದೆ."

ರಸೂಲಬಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಳುತ್ತಿದ್ದರು. "ಎಂಟು ತಿಂಗಳಿಂದ ಒಮ್ಮೆನೂ ಬಂದಿರಲಿಲ್ಲೋ ಮಾಶಾಕಾ... ಎಂಟು ತಿಂಗಳಾಗಿತ್ತೋ!"

ಮಾಶಾಕ ಅಖ್ತರಿಯನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಮರುದಿನ ಮುಂಜಾನೆ ಅಖ್ತರಿ ತಲೆ ತಗ್ಗಿಸಿ ರಸೂಲಬಿಯ ಮನೆಯ ಹೊಸ್ತಿಲಲ್ಲಿ ನಿಂತಳು. ಒಳಗೆ ಗೋಡೆಗೆ ಒರಗಿ ಅಮೀನಬಿ ಕೂತಿದ್ದಳು. ಮಾಶಾಕ ಸಣ್ಣ ತಕ್ಕಡಿಯಲ್ಲಿ ಬೆಣ್ಣೆ ತೂಗುತ್ತಿದ್ದ.

"ಒಳಗ ಬರ್ರಿ ಆಪಾ," ಎಂದಳು ಅಮೀನಬಿ.

ಅಖ್ತರಿ ಅವಳ ಕಾಲ ಬಳಿ ಕುಸಿದಳು. "ಮಾಫ್ ಮಾಡು ಅಂತ ಕೇಳಾಕೂ ನನಗ ಮುಖಾ ಇಲ್ಲ..."

"ಆಪಾ, ಒಂದು ಖರೆ ಮಾತು ಹೇಳ್ಲಾ?" ಅಮೀನಬಿ ಬಾಗಿ ಪಿಸುಗುಟ್ಟಿದಳು. "ಎಂಟು ತಿಂಗಳ ಮ್ಯಾಲೆ ಬೆಲ್ಲ ತಿಂದೆ. ಏನ್ ರುಚಿ ಇತ್ತು! ನೀವು ಮೂರು ಕೊಟ್ರಿ. ಕೊಟ್ಟಿದ್ರ ನಾಲ್ಕನೇದ್ದೂ ತಿಂತಿದ್ದೆ."

"ಅಮೀನಾ!" ಮಾಶಾಕ ಗದರಿದ.

"ನೀ ಸುಮ್ನಿರು ಭಾಯಿ. ದಿನಾ ಬೆಣ್ಣಿ ನುಂಗಾಕಿ ನಾನು, ನೀ ಅಲ್ಲ!"

ಭಾಯಿ? ಅಖ್ತರಿ ಮುಖವೆತ್ತಿದಳು.

ಒಳಗಿನಿಂದ ಬಂದ ರಸೂಲಬಿ ಬಿಡಿಸಿ ಹೇಳಿದರು. ಮಾಶಾಕ ಹುಟ್ಟಿದಾಗಲೇ ಅವನ ತಾಯಿ ತೀರಿಕೊಂಡಿದ್ದಳು. ಪಕ್ಕದ ಮನೆಯ ರಸೂಲಬಿ ತಮ್ಮ ಹಿರಿಯ ಮಗನ ಜೊತೆ ಅವನಿಗೂ ಎದೆಹಾಲು ಕೊಟ್ಟಿದ್ದರು. ಹಾಲು ಹಂಚಿಕೊಂಡ ಮೇಲೆ ಆ ಮನೆಯ ಮಕ್ಕಳೆಲ್ಲ ಅವನಿಗೆ ಒಡಹುಟ್ಟಿದವರೇ. ಮದುವೆಯ ಮಾತೂ ಹರಾಮು. ಅಮೀನಬಿಗೆ ಫಿಟ್ಸು ಬರುವುದು ಶಿರಹಟ್ಟಿಯಲ್ಲಿ ಬಾಯಿಂದ ಬಾಯಿಗೆ ಹಬ್ಬಿ, ಗೊತ್ತಾದ ಗಂಡು ತಪ್ಪಿಹೋದ ಮೇಲೆ ಅವರು ಇಲ್ಲಿಗೆ ಬಂದಿದ್ದರು. ಗುಳಿಗೆಗೆ ಬಗ್ಗದ ಬೇನೆಗೆ ಹುಬ್ಬಳ್ಳಿಯ ದೊಡ್ಡ ಡಾಕ್ಟರು ಹಳೆಯ ಪದ್ಧತಿಯೊಂದನ್ನು ಹೇಳಿದ್ದರು. ಕಾಳು, ಬೆಲ್ಲ ಬಂದ್. ಊಟವೆಲ್ಲ ಬೆಣ್ಣೆ, ತುಪ್ಪ.

"ಹಾಲು ಕೊಟ್ಟ ಮನಿಗೆ ಬೆಣ್ಣಿ ತಂದು ಕೊಡೋದು ದೊಡ್ಡ ಮಾತೇನ್ರಿ?" ಎಂದ ಮಾಶಾಕ, ತಕ್ಕಡಿಯಿಂದ ಕಣ್ಣೆತ್ತದೆ. "ಅವತ್ತು ದವಾಖಾನ್ಯಾಗ ಬಾಯಿ ಬಿಟ್ಟಿದ್ರ ಇಕಿ ಗುಟ್ಟು ಹೋಗತಿತ್ತು. ಅದಕ್ಕ ಸುಮ್ಮನಾದೆ."

"ಈಗ ನನ್ನಿಂದನ ಹೋತಲ್ರಿ..."

"ಹೋಗಲಿ ಬಿಡ್ರಿ," ಎಂದಳು ಅಮೀನಬಿ. "ಅಡಗಿ ಅಡಗಿ ಕೂತು ಸಾಕಾಗಿತ್ತು. ಇನ್ನ ಯಾರರ ಚೊಂಗಿ ಕೊಟ್ರ ಬ್ಯಾಡ ಅಂತ ಖುಲ್ಲಾ ಹೇಳ್ತೀನಿ."

ಅಖ್ತರಿಯ ಕಣ್ಣೀರು ನಿಲ್ಲಲಿಲ್ಲ. "ನೀವು ಚೀಟ್ಯಾಗ ಬರದದ್ದು ಖರೇನ ಐತಿ, ಮಾಶಾಕ ಸಾಬ್ರ. ನನ್ನೊಳಗ ಜಿದ್ದು ಬಾಳ ಐತಿ. ಕಡಿಮಿ ಮಾಡ್ರಿ ಅಂದ್ರಿ... ನಾ ಇನ್ನೂ ಸುರಕೊಂಡೆ."

"ಜಿದ್ದು?" ಮಾಶಾಕನ ಕೈಯಲ್ಲಿದ್ದ ಚಮಚ ನಿಂತಿತು. "ನಾ ಯಾವಾಗ ಬರದೆ ಜಿದ್ದು?"

"ಜಿದ್ದು ಕಡಿಮೆ ಮಾಡಿರಿ, ನಿಮ್ಮೊಳಗೆ ಬೇಕಾದಷ್ಟು ಇದೆ ಅಂತ..."

"ಅಯ್ಯ ಬಾಯಾರ! ಅದು ಜಿಡ್ಡು! ಜಿ-ಡ್ಡು! ತುಪ್ಪ, ಬೆಣ್ಣಿ, ಜಿಡ್ಡು!"

ಅಮೀನಬಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಇಂವನ ಡಕಾರ ದಕಾರ ಎರಡೂ ಒಂದ, ಆಪಾ! ನನಗೊಮ್ಮೆ 'ಗಿಡ' ಅಂತ ಬರದದ್ದು 'ಗಿದ' ಆಗಿತ್ತು. ನಾನೂ ಅವ್ವಾನೂ ಒಂದಿನ ಪೂರ್ತಿ ಅದೇನು ಔಷಧ ಅಂತ ಹುಡಿಕೀವಿ!"

ಮಾಶಾಕ ಕೆಂಪಾದ. ಬೆಣ್ಣೆಯನ್ನು ತೋರಿಸುತ್ತ ಪಾಠ ಒಪ್ಪಿಸುವವನಂತೆ ಹೇಳಿದ.

"ಪಥ್ಯಾ ಒಂದ ಥರದ್ದರಿ, ಅಳತಿ ಬ್ಯಾರೆ. ಇಕಿ ಮೈಯಾಗ ಕೂಡಿಟ್ಟದ್ದು ಏನೂ ಇಲ್ಲ. ಉರಿಯೋದೆಲ್ಲಾ ಹೊರಗಿಂದ ಸುರೀಬೇಕು. ನೀವು ತೂಕ ಇಳಸಾಕ ಕೂತವರು. ನಿಮ್ಮ ಮೈಯಾಗ ಕಣಜ ತುಂಬೇತಿ. ಹಸಿವು ತಡಿಯೋವಷ್ಟು ಜಿಡ್ಡು ತಿನ್ನಬೇಕು, ಅಷ್ಟ. ಮ್ಯಾಲಿಂದ ಸುರದ್ರ ಮೈ ಅದನ್ನ ಉರಸ್ತೈತಿ. ಕಣಜದ ಬಾಗಲಾ ತಗಿಯೋದ ಇಲ್ಲ."

"ಕಣಜ ಅಂದ್ರಿ," ಅಖ್ತರಿ ಅಳುವಿನ ನಡುವೆಯೇ ಸೆಟೆದಳು.

"ಅಲ್ಲ... ಅಂದ್ರ... ತುಂಬಿದ ಕಣಜ ಅಂದ್ರ ಲಕ್ಷಣದ್ದಲ್ಲೇನ್ರಿ?"

ರಸೂಲಬಿ ನಗು ನುಂಗಿಕೊಂಡು ಎದ್ದರು. "ಬಾ ಅಮೀನಾ, ಹಿತ್ತಲದಾಗ ಬಿಸಿಲು ಬಂದೈತಿ."

"ನನಗಿಲ್ಲೇ ಬೆಚ್ಚಗೈತಿ ಬೇ!"

"ಏಳಂದ್ರ ಏಳು!"

ಅವರಿಬ್ಬರೂ ಹೋದರು. ನಡುಮನೆಯಲ್ಲಿ ಇವರಿಬ್ಬರೇ. ಮಾತು ಹುಡುಕುತ್ತ ಅವನು ಬೋಗುಣಿಗೆ ಎಲೆ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ.

"ನಿಮಗ ಅಮೀನಾನ ಮ್ಯಾಲೆ ಅಷ್ಟು ಸಿಟ್ಟು ಯಾಕ ಬಂತರಿ?"

"ಗೊತ್ತಿಲ್ಲೇನು ನಿಮಗ?"

"ಗೊತ್ತೈತಿ ಅಂತ ಅನ್ಕೊಳ್ಳಾಕ ಧೈರ್ಯ ಸಾಲವಲ್ದು. ನೀವು ಬಿ.ಎ. ನಾ ಡ ದ ತಿಳಿಲಾರದ ಕಂಪೌಂಡರ್. ಅದರಾಗ ಮುಂಡರಗಿಯವರು ಬರ್ತಾರ ಅಂತ ಕೇಳೀನಿ."

"ಬರ್ತಾರ. ಮೈ ಕರಗಿದ್ರ ಒಯ್ತಾರ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಕರಗಿದ್ದು ಅವರಿಗಲ್ರಿ. ನೀವು ಅಂದು ನನ್ನ ತೂಕಾ ಕೂಗಲಿಲ್ಲಲ್ಲ... ಅವತ್ತ ನಾ ಕರಗಿ ಹೋದೆ. ಅದಕ್ಕ ನಿಮ್ಮ ಬೋಗುಣಿ ಕಂಡ್ರ ಹೊಟ್ಟಿ ಉರೀತಿತ್ತು. ನಾಳೆ ಅಬ್ಬಾಗ ಹೇಳಿ ಮುಂಡರಗಿಗೆ ಕಾಗದಾ ಬರಸ್ತೀನಿ, ಬರಬ್ಯಾಡ್ರಿ ಅಂತ. ನೀವು ಏನ ಅಂದ್ರೂ, ಅನ್ನದಿದ್ರೂ."

ಮಾಶಾಕನ ಕಣ್ಣು ಹನಿಗೂಡಿತು.

"ನನಗೂ ಒಂದು ಮಾತು ಕೇಳೋದೈತ್ರಿ. ಎರಡು ತಿಂಗಳಿಂದ ಬಾಯಾಗ ಇಟಗೊಂಡು ತಿರಗೀನಿ. ಆದ್ರ ಇದು ದುಃಖದ ತಿಂಗಳು. ಈ ತಿಂಗಳ ಆ ಮಾತು ಆಡಬಾರದು ಅಂತಾರ ಹಿರೇರು."

"ಹಂಗಾರ ಕೇಳಬ್ಯಾಡ್ರಿ."

ಅವನ ಮುಖ ಬಾಡಿತು.

ಅಖ್ತರಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ನಾಚುಬುರುಕಿ ಎಂದು ಓಣಿಯೆಲ್ಲ ಹೆಸರಾದ ಆ ಹುಡುಗಿ ಅವನ ಮುಖವನ್ನು ನೇರ ನೋಡಿದಳು.

"ಕೇಳಬಾರದು ಅಂತ ಹೇಳ್ಯಾರ. ಉತ್ತರಾ ಕೊಡಬಾರದು ಅಂತ ಯಾರೂ ಹೇಳಿಲ್ಲಲ್ಲ? ನಂದು... ಹೂಂ."

"ಕೇಳಲಾರದ ಪ್ರಶ್ನೆಗಾ!"

"ಬಿ.ಎ. ಮಾಡಿದಾಕಿ ನಾನು. ಪ್ರಶ್ನಿ ಬರೋಕಿಂತ ಮೊದಲ ಉತ್ತರಾ ಓದಿ ಇಟಗೊಂಡಿರ್ತೀನಿ."

ಅವನು ನಕ್ಕ. ಅಷ್ಟು ದೊಡ್ಡ ಗಂಡಸು ಕಣ್ಣೊರೆಸಿಕೊಂಡು ನಕ್ಕ. "ಹಂಗಾರ ಈ ತಿಂಗಳೆಲ್ಲಾ ನಾ ಏನ್ ಮಾಡ್ಲಿ?"

"ಕಾಯ್ರಿ." ಅವಳು ಹೊಸ್ತಿಲು ದಾಟಿ, ತಿರುಗಿ, ತುಟಿಯಂಚಿನಲ್ಲಿ ನಕ್ಕಳು. "ಅಲ್ಲೀತನಕ ಡ ಬರಿಯೋದು ಕಲೀರಿ!"